ಬಂಪರ್ ಬಂತು, ಜೀಪು ಬರಲಿಲ್ಲ: ಮನೆಯಲ್ಲೇ ಕಬ್ಬಿಣದ ಬಂಪರ್ ಕಟ್ಟುವ ಲೆಕ್ಕಾಚಾರ

ಮೂಡಿಗೆರೆ ಕಡೆಯ ಮಳೆ ಕಂಡವರಿಗೆ ಜುಲೈನಲ್ಲಿ ತೋಟದ ರಸ್ತೆ ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಅಂಥದ್ದೊಂದು ಮಳೆಗಾಲದಲ್ಲಿ ನಮ್ಮ ಹಳೆಯ ಮಹೀಂದ್ರ ಎಂಎಂ 540 ಜೀಪು ಹಳ್ಳ ದಾಟುವಲ್ಲಿ ಆಕ್ಸಲ್ ಮುಟ್ಟ ಕೆಸರಿನಲ್ಲಿ ಕೂತುಬಿಟ್ಟಿತು. ಟ್ರ್ಯಾಕ್ಟರ್ ಕರೆಸಿ, ಬಂಪರಿನ ಬಲತುದಿಯಲ್ಲಿದ್ದ ಕೊಕ್ಕೆಗೆ ಸರಪಳಿ ಸಿಕ್ಕಿಸಿದೆವು. ಸರಪಳಿ ಸಡಿಲ ಇತ್ತು. ಟ್ರ್ಯಾಕ್ಟರ್ ಸ್ವಲ್ಪ ಓಟ ತೆಗೆದುಕೊಂಡು ಒಂದೇ ಸಲ ಜಗ್ಗಿತು. ಪಟಾಕಿ ಹೊಡೆದ ಹಾಗೆ ಎರಡು ಸದ್ದು. ಡ್ರೈವರ್ ಹುಡುಗ ತಿರುಗಿ ನೋಡಿ, "ಅಣ್ಣ, ಬಂಪರ್ ಬಂತು, ಜೀಪು ಬರ್ಲಿಲ್ಲ" ಅಂದ.

ಆ ಬಂಪರಿನ ಮೇಲೆ ನನಗೆ ಭಾರಿ ಹೆಮ್ಮೆ ಇತ್ತು. 125 ಎಂಎಂ ಅಗಲದ ಎರಡು ಚಾನಲ್‌ಗಳನ್ನು (ಒಂದು ಬದಿ ತೆರೆದಿರುವ ಕಬ್ಬಿಣದ ತೊಲೆ) ಬಾಯಿಗೆ ಬಾಯಿ ಕೂಡಿಸಿ ವೆಲ್ಡ್ ಮಾಡಿಸಿದ್ದೆ. ತೂಕ ಹೆಚ್ಚುಕಡಿಮೆ 40 ಕೆಜಿ. ಪೇಟೆಯ ವೆಲ್ಡಿಂಗ್ ಅಂಗಡಿಯವರದೇನೂ ತಪ್ಪಿಲ್ಲ. "ಎಷ್ಟು ದಪ್ಪ ಆಗುತ್ತೋ ಅಷ್ಟು ದಪ್ಪ ಹಾಕಿ" ಅಂದವನು ನಾನೇ. ಕೆಸರಿನಿಂದ ಎತ್ತಿ ತೊಳೆದು ನೋಡಿದರೆ ಬಂಪರ್ ಒಂದು ಕೂದಲಿನಷ್ಟೂ ಬಗ್ಗಿರಲಿಲ್ಲ. ಅದನ್ನು ಚಾಸಿಗೆ, ಅಂದರೆ ಗಾಡಿಯ ಅಡಿಯ ಚೌಕಟ್ಟಿಗೆ, ಹಿಡಿದಿದ್ದ 10 ಎಂಎಂನ ನಾಲ್ಕು ಬೋಲ್ಟುಗಳು ಮಾತ್ರ ಇರಲಿಲ್ಲ. ಈಗ ಆ ಬಂಪರ್ ಕಾಫಿ ಕಣದ ಅಂಚಿನಲ್ಲಿ ಮೆಟ್ಟಿಲಾಗಿ ಬಿದ್ದಿದೆ. ಒಳ್ಳೇ ಮೆಟ್ಟಿಲು.

ಎರಡನೇ ಬಂಪರನ್ನು ನಾನೇ ಶೆಡ್ಡಿನಲ್ಲಿ ಕಟ್ಟಿದೆ. ಖರ್ಚು ಮೊದಲಿನದರ ಅರ್ಧಕ್ಕಿಂತ ಕಡಿಮೆ, ತೂಕವೂ ಕಡಿಮೆ. ಕಟ್ಟುವ ಮೊದಲು ಮಾತ್ರ ಆ ನಾಲ್ಕು ಬೋಲ್ಟು ಯಾಕೆ ಹೋದವು ಎಂದು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ.

ಟ್ರ್ಯಾಕ್ಟರ್ ಎರಡು ಟನ್ ಅಂದುಕೊಳ್ಳಿ, ವೇಗ ಗಂಟೆಗೆ 7 ಕಿ.ಮೀ. ಆಳು ಜೋರಾಗಿ ನಡೆದಷ್ಟೇ. ಆ ಚಲನೆಯಲ್ಲಿರುವ ಶಕ್ತಿ ಸುಮಾರು 3,800 ಜೌಲ್. ಸರಪಳಿ ಹಗ್ಗದ ಹಾಗೆ ಹಿಗ್ಗುವುದಿಲ್ಲ. ಜೀಪು ಕೆಸರಿನಲ್ಲಿ ಕಚ್ಚಿಕೊಂಡಿದೆ. ಎಲ್ಲ ಸೇರಿ 5 ಸೆಂಟಿಮೀಟರ್ ಜಾಗದಲ್ಲಿ ಟ್ರ್ಯಾಕ್ಟರ್ ನಿಲ್ಲಬೇಕಾಗಿ ಬಂದರೆ ಸರಪಳಿಯ ಮೇಲೆ ಬೀಳುವ ಎಳೆತ ಸರಾಸರಿ ಏಳೂವರೆ ಟನ್. ಅದೇ ಶಕ್ತಿಯನ್ನು ಹಿಗ್ಗುವ ನೈಲಾನ್ ಹಗ್ಗ ಅರ್ಧ ಮೀಟರಿನಲ್ಲಿ ನುಂಗಿದ್ದರೆ ಮುಕ್ಕಾಲು ಟನ್ ಮಾತ್ರ. ಇದು ಮೊದಲನೇ ತಪ್ಪು. ಇದಕ್ಕೂ ಬಂಪರಿಗೂ ಸಂಬಂಧವೇ ಇಲ್ಲ.

ಎರಡನೇ ತಪ್ಪು ಕೊಕ್ಕೆಯ ಜಾಗ. ಚಾಸಿಯಲ್ಲಿ ಉದ್ದಕ್ಕೆ ಹೋಗುವ ಎರಡು ಹಳಿಗಳ ನಡುವೆ ಸುಮಾರು 70 ಸೆಂ.ಮೀ. ಅಂತರ. ಕೊಕ್ಕೆ ಇದ್ದದ್ದು ಬಲ ಹಳಿಯಿಂದ ಇನ್ನೂ 30 ಸೆಂ.ಮೀ. ಆಚೆ, ಬಂಪರಿನ ತುದಿಯಲ್ಲಿ. ತಕ್ಕಡಿಯ ಹಾಗೆ ಯೋಚಿಸಿ: ಬಲತುದಿಯನ್ನು ಮುಂದಕ್ಕೆ ಎಳೆದರೆ ಎಡಬದಿ ಹಿಂದಕ್ಕೆ ಒತ್ತಿಕೊಳ್ಳುತ್ತದೆ, ಬಲ ಹಳಿಯ ಬೋಲ್ಟುಗಳು ಎಳೆತದ ಸುಮಾರು 1.4 ಪಟ್ಟನ್ನು ಹೊರಬೇಕಾಗುತ್ತದೆ. ಏಳೂವರೆ ಟನ್ ಹತ್ತಿರಹತ್ತಿರ ಹನ್ನೊಂದು ಟನ್ ಆಯಿತು. ಅಲ್ಲಿದ್ದದ್ದು ಎರಡು ಬೋಲ್ಟು. ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ಸಿಗುವ, ತಲೆಯ ಮೇಲೆ 4.6 ಎಂದಿರುವ ಅಥವಾ ಏನೂ ಇಲ್ಲದಿರುವ ಮಾಮೂಲಿ 10 ಎಂಎಂ ಬೋಲ್ಟ್ ತುಂಡಾಗುವುದು ಸುಮಾರು 2.35 ಟನ್ ಎಳೆತಕ್ಕೆ. ಎರಡಕ್ಕೆ 4.7. ಎಡಗಡೆಯ ಎರಡು ಹೇಗೂ ಬಲಗಡೆಯವನ್ನು ಹಿಂಬಾಲಿಸಿದವು.

ಹಾಗಾಗಿ ಬಂಪರ್ ಕಟ್ಟುವವನು ಮೊದಲು ಕೇಳಿಕೊಳ್ಳಬೇಕಾದದ್ದು "ಎಷ್ಟು ದಪ್ಪ" ಎಂದಲ್ಲ. ಕೊಕ್ಕೆಗೆ ಬಿದ್ದ ಎಳೆತ ಯಾವ ದಾರಿಯಲ್ಲಿ ಚಾಸಿ ಸೇರುತ್ತದೆ, ಆ ದಾರಿಯಲ್ಲಿ ಎಲ್ಲಿ ಬಳುಕಿದೆ, ಎಲ್ಲಿ ಸಣ್ಣದಾಗಿದೆ ಎಂದು.

ಮುಂದೆ ಹೋಗುವ ಮೊದಲು ಒಂದು ಮಾತು ಖಡಾಖಂಡಿತವಾಗಿ ಹೇಳಿಬಿಡುತ್ತೇನೆ. ನಿಮ್ಮ ವಾಹನದಲ್ಲಿ ಏರ್‌ಬ್ಯಾಗ್ ಇದ್ದರೆ ಈ ಲೇಖನ ನಿಮಗಲ್ಲ. ಈಗಿನ ಗಾಡಿಗಳ ಪ್ಲಾಸ್ಟಿಕ್ ಬಂಪರ್ ಬರೀ ಮುಖವಾಡ. ಅದರ ಹಿಂದೆ ಒಂದು ತೊಲೆ, ತೊಲೆಯ ಹಿಂದೆ ಬೇಕೆಂದೇ ಮಡಚಿಕೊಳ್ಳುವ ಹಾಗೆ ಮಾಡಿದ ಭಾಗ ಇರುತ್ತವೆ. ಎಷ್ಟು ಬೇಗ ವೇಗ ಕುಗ್ಗಿತು ಎಂಬುದನ್ನು ನೋಡಿಯೇ ಸೆನ್ಸರು ಏರ್‌ಬ್ಯಾಗ್ ಬಿಚ್ಚಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ಮುಂದೆ ಕಬ್ಬಿಣದ ತೊಲೆ ಕಟ್ಟಿದರೆ ಆ ಇಡೀ ಲೆಕ್ಕ ತಲೆಕೆಳಗಾಗುತ್ತದೆ. ಒಂದೂವರೆ ಟನ್ನಿನ ಗಾಡಿ ಗಂಟೆಗೆ ಬರೀ 10 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದಿತು ಎನ್ನಿ. ಮೂತಿ 10 ಸೆಂ.ಮೀ. ಒಳಗೆ ಹೋದರೆ ಚಾಸಿಯ ಮೇಲೆ ಬೀಳುವ ಬಲ ಸುಮಾರು 6 ಟನ್. ಮೂತಿ ಗಟ್ಟಿಯಾಗಿದ್ದು 2 ಸೆಂ.ಮೀ. ಮಾತ್ರ ಒಳಗೆ ಹೋದರೆ 29 ಟನ್. ಬಂಪರ್ ಬಗ್ಗದಿದ್ದರೆ ಪೆಟ್ಟು ಎಲ್ಲಿಗೂ ಮಾಯವಾಗುವುದಿಲ್ಲ, ಸೀಟಿನವರೆಗೆ ಬರುತ್ತದೆ. ಎದುರಿಗೆ ಇರುವುದು ಗೋಡೆಯಲ್ಲ, ಮನುಷ್ಯ ಎಂದಾದರೆ ಲೆಕ್ಕ ಹಾಕುವುದೇ ಬೇಡ.

ಕಾನೂನು ಇದನ್ನೇ ಇನ್ನೊಂದು ದಾರಿಯಿಂದ ಹೇಳುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ವಾಹನ ಬದಲಾಯಿಸುವಂತಿಲ್ಲ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬಂಪರಿನ ಮುಂದೆ ಕಟ್ಟಿಸುವ ಲೋಹದ ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ಹಾಕಿಸಿದವರ ಮೇಲೆ ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ಬರೆಯಿತು. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಡಿ ಇಂಥ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ನಮ್ಮ ಹಳೆ ಜೀಪುಗಳು ಫ್ಯಾಕ್ಟರಿಯಿಂದಲೇ ಕಬ್ಬಿಣದ ಬಂಪರ್ ಹೊತ್ತು ಬಂದವು, ಅಷ್ಟರಮಟ್ಟಿಗೆ ನಾನು ಕಬ್ಬಿಣದ ಜಾಗಕ್ಕೆ ಕಬ್ಬಿಣ ಹಾಕಿದೆ. ಆದರೂ ನನ್ನದು ತೋಟದೊಳಗೆ ಓಡಾಡುವ ಗಾಡಿ. ರಸ್ತೆಗೆ ಇಳಿಸುವವರು ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಂಡೇ ಕೆಲಸಕ್ಕೆ ಕೈ ಹಾಕಿ.

ಈಗ ಕಬ್ಬಿಣ.

ಎಲ್ಲರೂ ಮಾಡುವ ಹಾಗೆ ದಪ್ಪ ಪ್ಲೇಟಿನ ಕಡೆಗೆ ನನ್ನ ಕೈಯೂ ಹೋಗಿತ್ತು. 8 ಎಂಎಂ ಪ್ಲೇಟು, 20 ಸೆಂ.ಮೀ. ಎತ್ತರ, ಬೆರಳಿನಲ್ಲಿ ತಟ್ಟಿದರೆ ಗಂಟೆಯ ಹಾಗೆ ಕೇಳಿಸುತ್ತದೆ. ಆದರೆ ಮುಂದಿನಿಂದ ಬರುವ ಪೆಟ್ಟಿಗೆ ಲೆಕ್ಕಕ್ಕೆ ಬರುವುದು ಪ್ಲೇಟಿನ ಎತ್ತರವಲ್ಲ, ಹಿಂದಕ್ಕೂ ಮುಂದಕ್ಕೂ ಇರುವ ಆಳ. ಅದು ಇಲ್ಲಿ ಬರೀ 8 ಎಂಎಂ. ಬಾಗದಿರುವ ಗುಣ ಆಳದ ಘನಕ್ಕೆ ತಕ್ಕಂತೆ ಏರುತ್ತದೆ: ಆಳ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟು. ಮನೆಯ ಮಾಡಿನ ತೊಲೆಗಳನ್ನು ಬಡಗಿ ಅಡ್ಡ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸುವುದೂ ಇದೇ ಕಾರಣಕ್ಕೆ. ಅದೇ ಪ್ಲೇಟಿನ ಬದಲು 100ಕ್ಕೆ 50 ಎಂಎಂ ಅಳತೆಯ, 4 ಎಂಎಂ ದಪ್ಪದ ಚೌಕ ಪೈಪು ತೆಗೆದುಕೊಂಡರೆ ಆಳ 50 ಎಂಎಂ. ಲೆಕ್ಕ ಹಾಕಿದರೆ ಪ್ಲೇಟಿಗಿಂತ ಐವತ್ತು ಪಟ್ಟು ಬಿಗಿ. ತೂಕವೋ, ಪ್ಲೇಟು ಮೀಟರಿಗೆ ಹನ್ನೆರಡೂವರೆ ಕೆಜಿ, ಪೈಪು ಒಂಬತ್ತಕ್ಕೂ ಕಡಿಮೆ. ಟೊಳ್ಳು ಅಂತ ಹೀಗಳೆಯಬೇಡಿ, ಬಿದಿರೂ ಟೊಳ್ಳೇ.

ನಾನು 1.4 ಮೀಟರ್ ಚೌಕ ಪೈಪನ್ನು ಗುಜರಿಯಿಂದ ತಂದೆ. ಗುಜರಿಗೆ ಹೋಗುವಾಗ ಮ್ಯಾಗ್ನೆಟ್ಟು, ವರ್ನಿಯರ್ ಇಲ್ಲದಿದ್ದರೆ ಸ್ಕೇಲು, ಒಂದು ಅರ ಒಯ್ಯಿರಿ. ಅರದಿಂದ ಒಂದು ಮೂಲೆ ಉಜ್ಜಿದರೆ ತುಕ್ಕು ಬರೀ ಮೇಲಿನದೋ, ಒಳಗೆ ತಿಂದಿದೆಯೋ ಗೊತ್ತಾಗುತ್ತದೆ. ಬೂದು ಬಣ್ಣದ ಹೊಳಪು ಪದರ ಕಂಡರೆ ಜಿಐ ಪೈಪು, ಬಿಟ್ಟುಬಿಡಿ. ಅದರ ಸತುವಿನ ಲೇಪನ ವೆಲ್ಡಿಂಗ್ ಶಾಖಕ್ಕೆ ಬಿಳಿ ಹೊಗೆಯಾಗಿ ಏಳುತ್ತದೆ. ಹಗಲು ಆ ಹೊಗೆ ಕುಡಿದವನಿಗೆ ರಾತ್ರಿ ಮಲೇರಿಯಾದ ಹಾಗೆ ಚಳಿ ಜ್ವರ. ನೀರಿನ ಪೈಪಿನಲ್ಲಿ ಬಂಪರ್ ಮಾಡುವವರನ್ನು ನೋಡಿದಾಗಲೆಲ್ಲ ಇದನ್ನೇ ಹೇಳುತ್ತೇನೆ, ಯಾರೂ ಕೇಳುವುದಿಲ್ಲ.

ಇನ್ನು ಈ ಬಂಪರಿನ ಜೀವಾಳ: ಚಾಸಿ ಹಿಡಿಯುವ ಎರಡು ಪ್ಲೇಟುಗಳು. ಇಲ್ಲಿ ಮಾತ್ರ ನಾನು ದಪ್ಪಕ್ಕೆ ಕಂಜೂಸು ಮಾಡಲಿಲ್ಲ. 16 ಎಂಎಂ ದಪ್ಪ, 10 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದದ ಎರಡು ತುಂಡು. ಒಂದೊಂದೂ 5 ಕೆಜಿ. ಇವು ಚಾಸಿ ಹಳಿಯ ಹೊರಮೈಗೆ ಅಂಚು ನಿಂತ ಹಾಗೆ ಅಂಟಿಕೊಂಡು ಮುಂದಕ್ಕೆ ಬರುತ್ತವೆ, ಚೌಕ ಪೈಪಿನಲ್ಲಿ ಕೊರೆದ ಸೀಳಿನ ಮೂಲಕ ಹಾಯ್ದು ಮುಂದೆ ಮೂಗು ಚಾಚುತ್ತವೆ. ಆ ಮೂಗಿನಲ್ಲಿ ತೂತು ಕೊರೆದು ಶ್ಯಾಕಲ್ (ಹಗ್ಗ ಸಿಕ್ಕಿಸುವ, ಪಿನ್ನು ಇರುವ ಉಕ್ಕಿನ ಕೊಂಡಿ) ಹಾಕುವುದು. ಅಂದರೆ ಶ್ಯಾಕಲ್‌ನಿಂದ ಚಾಸಿಯ ಬೋಲ್ಟಿನವರೆಗೆ ಒಂದೇ ಪ್ಲೇಟು. ಎಳೆತ ಬಿದ್ದಾಗ ಅದು ನಾನು ಹಾಕಿದ ವೆಲ್ಡಿಂಗಿನ ಮೇಲೆ ಬೀಳುವುದೇ ಇಲ್ಲ. ಪೈಪಿನ ತೊಲೆ ಆ ಪ್ಲೇಟುಗಳ ಮೇಲೆ ಸುಮ್ಮನೆ ಸವಾರಿ ಮಾಡುತ್ತದೆ. ಮನೆಯಲ್ಲಿ ವೆಲ್ಡ್ ಮಾಡುವವನಿಗೆ ಇದಕ್ಕಿಂತ ದೊಡ್ಡ ನೆಮ್ಮದಿ ಇಲ್ಲ, ಯಾಕೆಂದರೆ ವೆಲ್ಡ್ ಮೇಲಿಂದ ಚೆನ್ನಾಗಿ ಕಂಡರೂ ಒಳಗೆ ಕಚ್ಚಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ.

ಬೋಲ್ಟು ಒಂದೊಂದು ಬದಿಗೆ ಮೂರು, 12 ಎಂಎಂ, ತಲೆಯ ಮೇಲೆ 8.8 ಎಂದು ಅಚ್ಚಾಗಿರುವುದು. ಈ ಸಂಖ್ಯೆಯನ್ನು ಓದುವುದು ಸುಲಭ: ಮೊದಲಿನ 8 ಅಂದರೆ ಒಂದು ಚದರ ಮಿಲಿಮೀಟರಿಗೆ 800 ನ್ಯೂಟನ್‌ಗೆ ತುಂಡಾಗುತ್ತದೆ, ಚುಕ್ಕೆಯ ಆಚೆಯ 8 ಅಂದರೆ ಅದರ ಶೇ. 80ಕ್ಕೆ ಹಿಗ್ಗಲು ಶುರುಮಾಡುತ್ತದೆ. 4.6ಕ್ಕಿಂತ ಬಲ ಸರಿಯಾಗಿ ಎರಡು ಪಟ್ಟು, ಬೆಲೆ ಒಂದೊಂದಕ್ಕೆ ಕೆಲವೇ ರೂಪಾಯಿ ಹೆಚ್ಚು. ಪ್ಲೇಟು ಹಳಿಯ ಪಕ್ಕಕ್ಕೆ ಇರುವುದರಿಂದ ಬೋಲ್ಟುಗಳನ್ನು ಉದ್ದಕ್ಕೆ ಎಳೆಯುವುದಿಲ್ಲ, ಅಡ್ಡಕ್ಕೆ ಕತ್ತರಿಸಲು ನೋಡುತ್ತದೆ. ಹಾಗೆ ಕತ್ತರಿಸಲು ಒಂದಕ್ಕೆ ಸುಮಾರು 4 ಟನ್ ಬೇಕು, ಮೂರಕ್ಕೆ 12. ನಾನು ಅದರ ಮೂರನೇ ಒಂದು ಭಾಗ ಮಾತ್ರ ನನ್ನದು ಅಂದುಕೊಂಡು ನಡೆಯುತ್ತೇನೆ.

ಚಾಸಿಗೆ ತೂತು ಕೊರೆಯುವಾಗ ಜಾಗ್ರತೆ. ಇರುವ ತೂತಿಗೇ ಹೊಂದಿಸಿಕೊಂಡರೆ ಎಲ್ಲಕ್ಕಿಂತ ಒಳ್ಳೆಯದು. ಹೊಸದು ಬೇಕೇಬೇಕಾದರೆ ಹಳಿಯ ಪಕ್ಕದ ಮೈಯಲ್ಲಿ ಮಾತ್ರ. ಮೇಲಿನ ಕೆಳಗಿನ ಅಂಚುಪಟ್ಟಿಗೆ ಡ್ರಿಲ್ ಮುಟ್ಟಿಸಬಾರದು, ಗಾಡಿಯ ಭಾರವೆಲ್ಲ ಹರಿಯುವುದು ಅಲ್ಲೇ. ಹಳಿ ಪೆಟ್ಟಿಗೆಯ ಹಾಗೆ ಮುಚ್ಚಿದ್ದರೆ ಬೋಲ್ಟು ಬಿಗಿಮಾಡಿದಾಗ ಎರಡು ಗೋಡೆಗಳು ಒಳಕ್ಕೆ ಕುಸಿಯುತ್ತವೆ. ಹಳಿಯ ಒಳ ಅಗಲಕ್ಕೆ ಸರಿಯಾಗಿ ಕತ್ತರಿಸಿದ ಗಟ್ಟಿ ಪೈಪಿನ ತುಂಡನ್ನು ಒಳಗೆ ಇಟ್ಟು ಅದರೊಳಗೆ ಬೋಲ್ಟು ತೂರಿಸಬೇಕು. ಬಂಪರನ್ನು ಚಾಸಿಗೇ ವೆಲ್ಡ್ ಮಾಡಿಬಿಡೋಣ, ತೂತಿನ ರಗಳೆಯೇ ಬೇಡ ಎನ್ನುವವರಿದ್ದಾರೆ. ವೆಲ್ಡಿನ ಪಕ್ಕದಲ್ಲಿ ಶಾಖ ತಾಗಿದ ಜಾಗ ಗುಣ ಬದಲಿಸುತ್ತದೆ, ಸ್ಪ್ರಿಂಗ್ ಚಾಸಿಗೆ ಕೂಡುವ ಹ್ಯಾಂಗರಿನ ಹತ್ತಿರ ದಿನಾ ಕುಲುಕಾಟ, ಕೆಲವು ವರ್ಷಗಳಲ್ಲಿ ಅಲ್ಲೇ ಕೂದಲೆಳೆಯ ಬಿರುಕು. ಬೋಲ್ಟಾದರೆ ಬಂಪರ್ ಹಾಳಾದ ದಿನ ಬಿಚ್ಚಿ ಎಸೆಯಬಹುದು.

ಶ್ಯಾಕಲ್ 4.75 ಟನ್ ಕೆಲಸದ ಭಾರದ್ದು, ಪಿನ್ನು 22 ಎಂಎಂ. ಆ ತೂತು ಮನೆಯ ಡ್ರಿಲ್ಲಿಗೆ ಆಗುವ ಕೆಲಸವಲ್ಲ. ಲೇತ್ ಅಂಗಡಿಯಲ್ಲಿ 24 ಎಂಎಂ ತೂತು ಹೊಡೆಸಿ, ಎರಡೂ ಬದಿಗೆ 6 ಎಂಎಂನ ದುಂಡು ಬಿಲ್ಲೆ ಕೂರಿಸಿದೆ. ಶ್ಯಾಕಲ್ ಬಾಯಲ್ಲಿ ಪ್ಲೇಟು ಆಚೀಚೆ ಓಲಾಡಬಾರದು. ಗ್ಯಾಸ್ ಕಟಿಂಗಿನಲ್ಲಿ ಊದಿದ ತೂತು ಇಲ್ಲಿ ನಡೆಯುವುದಿಲ್ಲ, ಅದರ ಅಂಚು ಹಲ್ಲುಹಲ್ಲಾಗಿರುತ್ತದೆ, ಬಿರುಕು ಶುರುವಾಗುವುದೇ ಅಂಥ ಹಲ್ಲಿನಿಂದ.

ಕಬ್ಬಿಣ ಮುಟ್ಟುವ ಮೊದಲು ರಟ್ಟು ಕತ್ತರಿಸಿ. ಗೊಬ್ಬರದ ಅಂಗಡಿಯಿಂದ ತಂದ ರಟ್ಟಿನ ಡಬ್ಬದಲ್ಲಿ ನಾನು ಇಡೀ ಬಂಪರಿನ ಆಕಾರ ಮಾಡಿ ಸುತಳಿಯಲ್ಲಿ ಕಟ್ಟಿ, ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದೆ. ಆಮೇಲೆ ಒಂದು ಚಕ್ರವನ್ನು ದಿಣ್ಣೆ ಹತ್ತಿಸಿ ಮತ್ತೆ ನೋಡಿದೆ. ಚಕ್ರ ಮೇಲೆ ಹೋದಾಗ ರಟ್ಟು ಹರಿಯಿತು. ಕಬ್ಬಿಣವಾಗಿದ್ದರೆ ಟೈರು ಹರಿಯುತ್ತಿತ್ತು. ಹಾಗಾಗಿ ಪೈಪಿನ ಎರಡೂ ತುದಿಗಳನ್ನು ಕೆಳಗಿನಿಂದ ಮೇಲಕ್ಕೆ ಓರೆಯಾಗಿ ಕತ್ತರಿಸಿದೆ. ಇದರಿಂದ ಇನ್ನೊಂದು ಲಾಭ: ಮುಂದಿನ ಟೈರಿನ ಮುಂಭಾಗವನ್ನು ಸವರಿಕೊಂಡು ಬಂಪರಿನ ಕೆಳ ಅಂಚಿಗೆ ಒಂದು ಗೆರೆ ಎಳೆದರೆ ನೆಲಕ್ಕೂ ಆ ಗೆರೆಗೂ ಇರುವ ಕೋನವೇ ಗಾಡಿ ಏರಬಲ್ಲ ದಿಬ್ಬದ ಕಡಿದು. 2020ರ ಥಾರ್‌ಗೆ ಕಂಪನಿ ಹೇಳುವ ಲೆಕ್ಕ 41.8 ಡಿಗ್ರಿ. ಬಂಪರನ್ನು ಎರಡಿಂಚು ಕೆಳಗೆ ಇಳಿಸಿದರೆ ಈ ಕೋನ ಹಲವು ಡಿಗ್ರಿ ಇಳಿಯುತ್ತದೆ, ಆಮೇಲೆ ದಿಬ್ಬ ಹತ್ತುವುದು ಚಕ್ರವಲ್ಲ, ಬಂಪರ್.

ತೂಕಕ್ಕೂ ಹೀಗೇ ಒಂದು ಕಳ್ಳ ಲೆಕ್ಕ ಇದೆ. ಬಂಪರ್ ಇರುವುದು ಮುಂದಿನ ಆಕ್ಸಲ್ಲಿಗಿಂತಲೂ ಮುಂದೆ. ಆಕ್ಸಲ್ಲುಗಳ ನಡುವೆ 2.3 ಮೀಟರ್, ಬಂಪರ್ 60 ಸೆಂ.ಮೀ. ಮುಂದೆ ಎಂದಾದರೆ 40 ಕೆಜಿಯ ಬಂಪರ್ ಮುಂದಿನ ಸ್ಪ್ರಿಂಗುಗಳಿಗೆ 50 ಕೆಜಿಯಾಗಿ ಬೀಳುತ್ತದೆ, ಹಿಂದಿನಿಂದ 10 ಕೆಜಿ ಎತ್ತುತ್ತದೆ. ಕೆಸರಿನಲ್ಲಿ ಹಿಂದಿನ ಚಕ್ರಕ್ಕೆ ಬೇಕಾದದ್ದೇ ಭಾರ. ನನ್ನ ಹೊಸ ಬಂಪರ್ 26 ಕೆಜಿಗೆ ನಿಂತಿತು.

ವೆಲ್ಡಿಂಗ್ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದು ಕೈಯಿಂದ ಬರಬೇಕಾದ ವಿದ್ಯೆ. ನಂಟರ ಇನ್ವರ್ಟರ್ ವೆಲ್ಡಿಂಗ್ ಮಿಷನ್ನು ತಂದು, 3.15 ಎಂಎಂನ 6013 ನಂಬರಿನ ವೆಲ್ಡಿಂಗ್ ರಾಡಿನಲ್ಲಿ 100 ಆಂಪಿಯರ್ ಆಸುಪಾಸು ಇಟ್ಟುಕೊಂಡೆ. 4 ಎಂಎಂ ಪೈಪು ದಪ್ಪ ಪ್ಲೇಟಿಗೆ ಕೂಡುವಲ್ಲಿ ಕಿಡಿಯನ್ನು ಪ್ಲೇಟಿನ ಕಡೆಗೇ ಹೆಚ್ಚು ಹಿಡಿಯಬೇಕು, ಇಲ್ಲದಿದ್ದರೆ ಪೈಪು ತೂತಾಗುತ್ತದೆ, ಪ್ಲೇಟು ತಣ್ಣಗೇ ಇರುತ್ತದೆ. ಮೊದಲು ಜೀಪಿಗೆ ಬೋಲ್ಟು ಹಾಕಿ, ಅಲ್ಲೇ ಟ್ಯಾಕಿಂಗ್ (ಅಲ್ಲಲ್ಲಿ ಚುಕ್ಕೆಯಷ್ಟು ವೆಲ್ಡ್) ಮಾತ್ರ ಹೊಡೆದು ಬಿಚ್ಚಿದೆ. ಗಾಡಿಯ ಮೇಲೆ ಟ್ಯಾಕಿಂಗ್ ಹೊಡೆಯುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದಿಡಿ, ಅರ್ತಿನ ಕ್ಲಿಪ್ಪನ್ನು ಬಂಪರಿಗೇ ಕಚ್ಚಿಸಿ. ಆಲ್ಟರ್ನೇಟರಿನ ಡಯೋಡು ಸುಟ್ಟರೆ ಉಳಿಸಿದ ದುಡ್ಡೆಲ್ಲ ಅಲ್ಲಿಗೆ ಹೋಗುತ್ತದೆ. ನಾನು ಎಡವಿದ್ದು ಆಮೇಲೆ. ಬಿಚ್ಚಿದ ಬಂಪರನ್ನು ನೆಲದ ಮೇಲಿಟ್ಟು ಒಂದೇ ಉಸಿರಿಗೆ ಪೂರ್ತಿ ಬೆಸೆದೆ. ತಣ್ಣಗಾಗುವಾಗ ವೆಲ್ಡ್ ಕುಗ್ಗಿ ಎಳೆದು ಎರಡು ಪ್ಲೇಟುಗಳ ತುದಿ 6 ಎಂಎಂ ಹತ್ತಿರ ಬಂದವು, ಚಾಸಿಗೆ ಕೂರಲೇ ಇಲ್ಲ. ಜ್ಯಾಕು ಇಟ್ಟು ಅಗಲಿಸಲು ಅರ್ಧ ದಿನ. ಪ್ಲೇಟುಗಳ ಹಿಂತುದಿಗೆ ಒಂದು ಆಂಗಲ್ ತುಂಡನ್ನು ಅಡ್ಡ ಬೋಲ್ಟ್ ಮಾಡಿಟ್ಟು, ಇಲ್ಲಿ ಒಂದಿಂಚು ಅಲ್ಲಿ ಒಂದಿಂಚು ಎಂದು ಬೆಸೆದು, ಪ್ರತಿ ಸಲ ಕಿಟ್ಟ ಕುಟ್ಟಿ ತೆಗೆದಿದ್ದರೆ ಈ ಪಾಡು ಇರಲಿಲ್ಲ.

ಮಲೆನಾಡಿನಲ್ಲಿ ಬಂಪರನ್ನು ಕೊಲ್ಲುವುದು ಗುದ್ದಲ್ಲ, ಒಳಗೆ ನಿಂತ ನೀರು. ಪೈಪಿನ ತುದಿಗಳನ್ನು ಮುಚ್ಚಿ, ಕೆಳಗೆ ಎರಡು ಕಡೆ 8 ಎಂಎಂ ತೂತು ಬಿಟ್ಟೆ. ತಂತಿ ಬ್ರಷ್, ಥಿನ್ನರ್, ರೆಡ್ ಆಕ್ಸೈಡ್ ಒಂದು ಕೋಟು, ಕಪ್ಪು ಎನಾಮೆಲ್ ಎರಡು ಕೋಟು. ಪೌಡರ್ ಕೋಟಿಂಗ್ ಚಂದ, ಆದರೆ ಕಲ್ಲು ತಾಗಿ ಎದ್ದರೆ ಮನೆಯಲ್ಲಿ ಮುಟ್ಟಿಸಲು ಬರುವುದಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ: ಗುಜರಿ ಕಬ್ಬಿಣ ಕೆಜಿಗೆ 60ರಂತೆ 1,560 ರೂಪಾಯಿ. ಬೋಲ್ಟು, ವಾಷರ್, ತಾನಾಗಿ ಸಡಿಲಾಗದ ನೈಲಾಕ್ ನಟ್ಟು 400. ಗ್ರೈಂಡರ್ ಚಕ್ರ 300, ರಾಡು 350, ಬಣ್ಣ 700, ಎರಡು ಶ್ಯಾಕಲ್ 900. ಲೇತ್ ಅಂಗಡಿಯವರು ಕಾಫಿ ಪುಡಿ ತೆಗೆದುಕೊಂಡರು. ಮಿಷನ್ನು ಬಾಡಿಗೆಗೆ ತರುವವರು ಇನ್ನೊಂದು ಸಾವಿರ ಸೇರಿಸಿಕೊಳ್ಳಲಿ.

ಜೋಡಿಸಿದ ಮೇಲೆ ಬೋಲ್ಟುಗಳನ್ನು ಬಿಗಿತ ಅಳೆಯುವ ಟಾರ್ಕ್ ಪಾನಾದಿಂದ 80 ನ್ಯೂಟನ್ ಮೀಟರಿಗೆ ಬಿಗಿಮಾಡಿ, ನಟ್ಟಿನಿಂದ ಪ್ಲೇಟಿಗೆ ಹಾಯುವ ಹಾಗೆ ಬಿಳಿ ಪೇಂಟಿನ ಒಂದೊಂದು ಗೆರೆ ಎಳೆದೆ. ನಟ್ಟು ತಿರುಗಿದರೆ ಗೆರೆ ಮುರಿದು ಕಾಣುತ್ತದೆ. ಕಳೆದ ಮಳೆಗಾಲದಲ್ಲಿ ಜೀಪು ಅದೇ ಹಳ್ಳದಲ್ಲಿ ಮತ್ತೆ ಕೂತಿತು. ಈ ಸಲ ಎರಡೂ ಶ್ಯಾಕಲ್‌ಗೆ ಹಗ್ಗ ಹಂಚಿ ಕಟ್ಟಿ, ನಡುವೆ ಒದ್ದೆ ಗೋಣಿ ಹೊದಿಸಿ, ಎಲ್ಲರನ್ನೂ ದೂರ ನಿಲ್ಲಿಸಿ, ಹಗ್ಗ ಬಿಗಿಯಾದ ಮೇಲಷ್ಟೇ ನಿಧಾನ ಎಳೆಸಿದೆ. ಜೀಪು ಬಂತು. ಮನೆಗೆ ಬಂದು ಟಾರ್ಚ್ ಹಿಡಿದು ನೋಡಿದರೆ ಆರು ಗೆರೆಗಳಲ್ಲಿ ಐದು ನೆಟ್ಟಗಿದ್ದವು, ಎಡಗಡೆಯ ಹಿಂದಿನದು ಅಕ್ಕಿಕಾಳಿನಷ್ಟು ಸರಿದಿತ್ತು. ಅದನ್ನು ಬಿಚ್ಚಿ, ವಾಷರಿನ ಅಡಿಯಲ್ಲಿ ಉಳಿದಿದ್ದ ಬಣ್ಣ ಕೆರೆದು, ಹೊಸ ನೈಲಾಕ್ ಹಾಕಿ ಮತ್ತೆ ಬಿಗಿಮಾಡಿದೆ.